ಕಂಬಳದ 9.55: ಓಟ ನಿಜ, ಲೆಕ್ಕ ಬೇರೆ

2020ರ ಫೆಬ್ರುವರಿ 1ರಂದು ದಕ್ಷಿಣ ಕನ್ನಡದ ಐಕಳದ ಕಾಂತಾಬಾರೆ–ಬೂದಾಬಾರೆ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು ಕೋಣಗಳ ಜೋಡಿಯ ಹಿಂದೆ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರುನೀರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಕೂತು ಭಾಗಾಕಾರ ಮಾಡಿದರು. 100 ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58, ಭಾರತದ ಅಂದಿನ ರಾಷ್ಟ್ರೀಯ ದಾಖಲೆ 10.26. ಮುಂದಿನದು ಎಲ್ಲರಿಗೂ ಗೊತ್ತು: ದೇಶವಿಡೀ ಸುದ್ದಿಯಾಯಿತು, ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಟ್ರಯಲ್ಸ್‌ಗೆ ಕರೆಸುವುದಾಗಿ ಹೇಳಿದರು, ಗೌಡರು ಬೇಡವೆಂದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಓಡಿದಾಗ ಮತ್ತೆ ಅದೇ ಭಾಗಾಕಾರ, ಈ ಸಲ 9.51.

ಕಂಬಳಕ್ಕೆ ಕ್ರೀಡೆಯ ಸ್ಥಾನಮಾನ ಬೇಕು ಎಂಬ ಮಾತು ಬಂದಾಗಲೆಲ್ಲ ಈ 9.55 ಇವತ್ತಿಗೂ ಮುಂದೆ ಬಂದು ನಿಲ್ಲುತ್ತದೆ. ಊರಿನ ಆಟವೊಂದು ಯಾವ ಹಂತದಲ್ಲಿ ಕ್ರೀಡೆಯಾಗುತ್ತದೆ ಎಂದು ತಿಳಿಯಲು ಕಂಬಳದಷ್ಟು ಒಳ್ಳೆಯ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ. ಆದರೆ ಆ ಅಂಕಿ ಕಂಬಳಕ್ಕೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ನಿಜವಾದ ಕೊರತೆ ಇರುವುದು ಬೇರೆ ಕಡೆ.

ಮೊದಲು ಭಾಗಾಕಾರವನ್ನೇ ನೋಡೋಣ. 13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು 9.558. ಅಥ್ಲೆಟಿಕ್ಸ್‌ನಲ್ಲಿ ಸೆಕೆಂಡಿನ ಸಾವಿರದಂಶ ಉಳಿದರೆ ಅದನ್ನು ಮೇಲಕ್ಕೇ ಏರಿಸಬೇಕು, ಅಂದರೆ 9.56. ವೇಣೂರಿನದು 9.518, ಅದು 9.52 ಆಗಬೇಕಿತ್ತು. ಎರಡೂ ಸಲ ಬಾಲ ಕತ್ತರಿಸಿ ಕೆಳಗಿನ ಅಂಕಿ ಹಾಕಲಾಗಿದೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ನೂರು ಮೀಟರಿನ ಹಲವು ವಿಶ್ವದಾಖಲೆಗಳು ಮುರಿದಿರುವುದೇ ಇಂಥ ಒಂದೆರಡು ನೂರಂಶಗಳಲ್ಲಿ.

ದೊಡ್ಡ ತಪ್ಪು ಭಾಗಿಸಿದ್ದರಲ್ಲೇ ಇದೆ. ಮನುಷ್ಯ ಒಂದೇ ವೇಗದಲ್ಲಿ ಓಡುವುದಿಲ್ಲ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ 9.58 ಓಡಿದಾಗ ಮೊದಲ 20 ಮೀಟರಿಗೆ 2.89 ಸೆಕೆಂಡು ಹಿಡಿಯಿತು, 60ರಿಂದ 80 ಮೀಟರ್‌ವರೆಗಿನ 20 ಮೀಟರಿಗೆ ಕೇವಲ 1.61. ನಿಂತಲ್ಲಿಂದ ವೇಗ ಹಿಡಿಯುವುದಕ್ಕೆ ತೆರಬೇಕಾದ ಬೆಲೆ ಅದು. ಓಟ ಉದ್ದವಾದಷ್ಟೂ ಆ ಬೆಲೆ ಹೆಚ್ಚು ಮೀಟರುಗಳಿಗೆ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ರಸ್ತೆಯೊಂದರಲ್ಲಿ ಹಾಸಿದ ನೇರ ಟ್ರ್ಯಾಕ್ ಮೇಲೆ ಬೋಲ್ಟ್ 150 ಮೀಟರನ್ನು 14.35ರಲ್ಲಿ ಓಡಿದ್ದರು. ಕಂಬಳದ ಸೂತ್ರ ಹಾಕಿದರೆ 100 ಮೀಟರಿಗೆ 9.57. ವಾಸ್ತವದಲ್ಲಿ ಆ ಓಟದ ಮೊದಲ 100 ಮೀಟರ್‌ಗೆ ಅವರಿಗೆ 9.9ರ ಆಸುಪಾಸು ಬೇಕಾಗಿತ್ತು, ಕೊನೆಯ 100ಕ್ಕೆ 8.70. ಒಂದೇ ಓಟ, ಮೂರು ಬೇರೆ ಬೇರೆ ಉತ್ತರ. ಇದೇ ಸೂತ್ರವನ್ನು ಜಮೈಕಾ ತಂಡದ 4x100 ರಿಲೇಯ 36.84 ಸೆಕೆಂಡಿಗೆ ಹಚ್ಚಿದರೆ ನಾಲ್ವರೂ ತಲಾ 9.21 ಓಡಿದಂತೆ! ಅದನ್ನು ಯಾರೂ ದಾಖಲೆ ಅನ್ನುವುದಿಲ್ಲ.

ಇನ್ನು ಎಳೆತ. ಹಗ್ಗ ಮತ್ತು ನೇಗಿಲು ವಿಭಾಗದಲ್ಲಿ ಓಟಗಾರ ನೊಗಕ್ಕೆ ಜೋಡಿಸಿದ ಹಗ್ಗವನ್ನೋ ನೇಗಿಲಿನ ಆಕಾರದ ಮರವನ್ನೋ ಹಿಡಿದು ಕೋಣಗಳ ಹಿಂದೆ ಓಡುತ್ತಾನೆ. ಮುಂದೆ ನೂರಾರು ಕಿಲೋ ತೂಗುವ ಎರಡು ಪ್ರಾಣಿಗಳು ಎಳೆಯುತ್ತಿವೆ. ಓಟದ ತರಬೇತಿಯಲ್ಲಿ ರಬ್ಬರ್ ಹಗ್ಗ ಕಟ್ಟಿ ಮುಂದಿನಿಂದ ಎಳೆಸುವ ಪದ್ಧತಿ ಹಳೆಯದು, ಹಾಗೆ ಎಳೆಸಿದಾಗ ಓಟಗಾರ ತನ್ನ ಸ್ವಂತ ಗರಿಷ್ಠ ವೇಗವನ್ನು ಮೀರುತ್ತಾನೆ. ಅಥ್ಲೆಟಿಕ್ಸ್‌ನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಸಾಕು, ದಾಖಲೆ ಹೋಯಿತು. ಕೆಸರು ವೇಗವನ್ನು ತಗ್ಗಿಸುತ್ತದೆ ಎಂಬ ವಾದ ಸರಿಯೇ. ಎಷ್ಟು ತಗ್ಗಿಸಿತು, ಕೋಣ ಎಷ್ಟು ಕೊಟ್ಟಿತು ಎಂದು ಬಿಡಿಸುವ ದಾರಿಯಿಲ್ಲ, ಹಾಗಾಗಿ ಆ ವಾದ ಎರಡೂ ಕಡೆಗೆ ನಡೆಯುತ್ತದೆ. ಅದೂ ಅಲ್ಲದೆ ಕರೆ ಮುಗಿಯುವ ಜಾಗವಾದ ಮಂಜೊಟ್ಟಿಯ ಬಳಿಯ ಲೇಸರ್ ಕಿರಣವನ್ನು ಮೊದಲು ತುಂಡರಿಸುವುದು ಕೋಣದ ಮುಸುಡು, ಓಟಗಾರನ ಎದೆಯಲ್ಲ. ಗಡಿಯಾರ ಅಳೆದದ್ದು ಜೋಡಿಯನ್ನು.

2021ರಲ್ಲಿ ಇದೇ ಶ್ರೀನಿವಾಸ ಗೌಡರು 125 ಮೀಟರಿನ ಕರೆಯನ್ನು 11.21ರಲ್ಲಿ ಮುಗಿಸಿದರು. ಸೂತ್ರದ ಪ್ರಕಾರ 8.97. ಹಾಗಾದರೆ ಒಂದು ವರ್ಷದಲ್ಲಿ ಅವರ ನೂರು ಮೀಟರ್ ಓಟ ಅರ್ಧ ಸೆಕೆಂಡಿಗಿಂತ ಹೆಚ್ಚು ಸುಧಾರಿಸಿತೇ? ಆ ಮಟ್ಟದಲ್ಲಿ ಯಾವ ಮನುಷ್ಯನಿಗೂ ಅದು ಸಾಧ್ಯವಿಲ್ಲ. ಬದಲಾದದ್ದು ಕರೆ, ನೀರು, ಕೆಸರಿನ ಆಳ, ಕೋಣ. ಎರಡು ಕರೆಗಳ ಸಮಯವನ್ನು ಹೋಲಿಸಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಟ್ರಯಲ್ಸ್ ಬೇಡವೆಂದ ಗೌಡರ ತೀರ್ಮಾನ ಆಗ ಹಲವರಿಗೆ ಬೇಸರ ತಂದಿತ್ತು. ನೋಡಿದರೆ ಆ ಇಡೀ ಗದ್ದಲದಲ್ಲಿ ಲೆಕ್ಕ ಸರಿಯಾಗಿ ಹಾಕಿದವರು ಅವರೊಬ್ಬರೇ. ಕಂಬಳದ ಓಟದಲ್ಲಿ ಹಿಮ್ಮಡಿಯ ಕೆಲಸವೇ ಬೇರೆ, ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬೆರಳ ತುದಿಯ ಮೇಲಿನ ಓಟವೇ ಬೇರೆ ಎಂದರು. 2019ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ರಾಮೇಶ್ವರ ಗುರ್ಜರ್ ಬರಿಗಾಲಲ್ಲಿ 11 ಸೆಕೆಂಡಿಗೆ ನೂರು ಮೀಟರ್ ಓಡುತ್ತಾರೆಂದು ವಿಡಿಯೊ ಹರಿದಾಡಿ, ಭೋಪಾಲದ ಟ್ರಯಲ್ಸ್‌ನಲ್ಲಿ ಅವರು 12.9ಕ್ಕೆ ಮುಗಿಸಿ ಕೊನೆಯವರಾದರು. ಅಲ್ಲಿ ತಪ್ಪಿದ್ದು ಓಟಗಾರನಲ್ಲ, ವಿಡಿಯೊ ಅಳತೆ.

ದಾಖಲೆ ಇಲ್ಲದೆಯೂ ಕ್ರೀಡೆ

ಹಾಗಾದರೆ ಕಂಬಳ ಬರೀ ಮೋಜಿನ ಆಟವೇ? ಇಲ್ಲ. ವಿಶ್ವದಾಖಲೆ ಇದ್ದರಷ್ಟೇ ಕ್ರೀಡೆ ಎಂಬ ನಂಬಿಕೆಯೇ ತಪ್ಪು. ಹಿಮದ ಇಳಿಜಾರಿನ ಸ್ಕೀಯಿಂಗ್‌ಗೆ ವಿಶ್ವದಾಖಲೆಯ ಸಮಯವೆಂಬುದಿಲ್ಲ, ಬೆಟ್ಟ ಬೆಟ್ಟಕ್ಕೂ ಓಟದ ದಾರಿ ಬೇರೆ. ದೋಣಿ ಹುಟ್ಟು ಹಾಕುವ ಸ್ಪರ್ಧೆಯಲ್ಲಿ ಗಾಳಿ–ನೀರು ದಿನದಿನಕ್ಕೆ ಬದಲಾಗುವುದರಿಂದ ಅಲ್ಲಿನ ಜಾಗತಿಕ ಸಂಸ್ಥೆ ‘ದಾಖಲೆ’ ಎನ್ನದೆ ‘ಅತ್ಯುತ್ತಮ ಸಮಯ’ ಎಂದಷ್ಟೇ ಬರೆದಿಡುತ್ತದೆ. ಮ್ಯಾರಥಾನ್ ಕೂಡ 2004ರವರೆಗೆ ಇದೇ ಸಾಲಿನಲ್ಲಿತ್ತು. ಎಲಿಯುಡ್ ಕಿಪ್‌ಚೋಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಓಡಿದರು. ಸರದಿಯ ಮೇಲೆ ಬಂದು ಗಾಳಿ ತಡೆದ 41 ಜೊತೆ ಓಟಗಾರರು, ನೆಲದ ಮೇಲೆ ಲೇಸರ್ ಗೆರೆ ಹಾಕುತ್ತಿದ್ದ ಕಾರು, ಸೈಕಲ್‌ನಲ್ಲಿ ಬಂದು ಕೊಟ್ಟ ಪಾನೀಯ. ಹಾಗಾಗಿ ಅದು ದಾಖಲೆಯ ಪುಸ್ತಕ ಸೇರಲಿಲ್ಲ. ಕಿಪ್‌ಚೋಗೆಯವರ ಸಾಮರ್ಥ್ಯವನ್ನು ಇದರಿಂದ ಯಾರೂ ಶಂಕಿಸಲಿಲ್ಲ.

ಕ್ರೀಡೆಗೆ ಬೇಕಾದದ್ದು ಅದಕ್ಕಿಂತ ಕಡಿಮೆ ಆಡಂಬರದ ಸಂಗತಿಗಳು. ಅದೇ ದಿನ, ಅದೇ ಅಂಗಳದಲ್ಲಿ ಇಬ್ಬರಿಗೂ ಒಂದೇ ಷರತ್ತು ಇರಬೇಕು. ತೀರ್ಪು ಕೊಡುವವರಿಗೆ ಫಲಿತಾಂಶದಲ್ಲಿ ಪಾಲಿರಬಾರದು. ಸ್ಪರ್ಧಿ ಯಾರು ಎಂಬುದು ಖಚಿತವಿರಬೇಕು. ಸೋತವನಿಗೆ ದೂರು ಕೊಡಲು ಬರೆದಿಟ್ಟ ನಿಯಮವೊಂದು ಇರಬೇಕು. ಬೆವರು, ವೇಗ, ಜನಜಂಗುಳಿ ಇವೆಲ್ಲ ರಥೋತ್ಸವದಲ್ಲೂ ಸಿಗುತ್ತವೆ.

ಕಬಡ್ಡಿ ಈ ದಾರಿಯಲ್ಲಿ ಮುಂದೆ ಹೋದ ನಮ್ಮದೇ ಆಟ. ಗದ್ದೆಯ ಮಣ್ಣಿನಿಂದ ಮ್ಯಾಟ್‌ಗೆ ಬಂತು. ಗಂಡಸರಿಗೆ 13x10 ಮೀಟರ್, ಹೆಂಗಸರಿಗೆ 12x8 ಮೀಟರ್ ಅಂಗಳ, ಹಿರಿಯರ ವಿಭಾಗದಲ್ಲಿ ಗಂಡಸರಿಗೆ 85 ಕಿಲೋ, ಹೆಂಗಸರಿಗೆ 75 ಕಿಲೋ ತೂಕದ ಮಿತಿ, ರೈಡ್‌ಗೆ 30 ಸೆಕೆಂಡು. ಉಸಿರು ಹಿಡಿದು ‘ಕಬಡ್ಡಿ’ ಎನ್ನುವ ಕೆಲಸವನ್ನು ಗಡಿಯಾರ ಬಹುಮಟ್ಟಿಗೆ ಕಸಿದುಕೊಂಡಿತು. ಹಳಬರಿಗೆ ಇದು ನಷ್ಟವೆನಿಸುತ್ತದೆ, ಅದರಲ್ಲಿ ಹುರುಳೂ ಇದೆ. ಆದರೆ ಉಸಿರು ಬಿಟ್ಟನೋ ಇಲ್ಲವೋ ಎಂಬ ಜಗಳಕ್ಕೆ ಅಂಪೈರ್ ಕಿವಿಯೊಂದೇ ಸಾಕ್ಷಿಯಾಗಿತ್ತು. 30 ಸೆಕೆಂಡನ್ನು ಎಲ್ಲರೂ ನೋಡಬಹುದು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ ಚಿನ್ನ ಗೆಲ್ಲುತ್ತಲೇ ಬಂದ ಭಾರತದ ಪುರುಷರು 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಇರಾನ್‌ಗೆ ಸೋತರು, ಮಹಿಳೆಯರು ಫೈನಲ್‌ನಲ್ಲಿ ಅದೇ ಇರಾನ್‌ಗೆ ಸೋತರು. ನಮ್ಮ ಆಟದಲ್ಲಿ ನಮ್ಮದೇ ನಿಯಮ ಕಲಿತು ಬೇರೆಯವರು ನಮ್ಮನ್ನು ಸೋಲಿಸಿದ ದಿನವೇ ಕಬಡ್ಡಿ ಪೂರ್ತಿ ಕ್ರೀಡೆಯಾಯಿತು ಎಂದು ನಾನು ಎಣಿಸುತ್ತೇನೆ.

ಗಂತಿನಿಂದ ಮಂಜೊಟ್ಟಿಯವರೆಗೆ

ಕಂಬಳ ಈ ಪರೀಕ್ಷೆಯಲ್ಲಿ ಎಲ್ಲಿ ನಿಂತಿದೆ? ಜೋಡುಕರೆ ಕಂಬಳದ ಚೌಕಟ್ಟು ಗಟ್ಟಿಯಾಗಿಯೇ ಇದೆ. ಒಂದರ ಪಕ್ಕ ಒಂದು ಎರಡು ಕರೆ, ಪ್ರತಿ ಕರೆಗೂ ಹೆಸರು, ಕೋಟಿ ಮತ್ತು ಚೆನ್ನಯ, ವಿಜಯ ಮತ್ತು ವಿಕ್ರಮ, ಸತ್ಯ ಮತ್ತು ಧರ್ಮ ಹೀಗೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳು. ಹಗ್ಗ, ನೇಗಿಲಿನಲ್ಲಿ ಹಿರಿಯ–ಕಿರಿಯ ಎಂಬ ಒಳವಿಭಾಗ. ಲೇಸರ್ ಮತ್ತು ವಿಡಿಯೊ ಬಂದು ವರ್ಷಗಳಾಗಿವೆ. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎನ್ನುವ ಪದ್ಧತಿಯಲ್ಲಿ ಓಟ ಸಾಗುತ್ತದೆ. ಅಂದರೆ ಅದೇ ದಿನದ ಹೋಲಿಕೆ ಎಂಬ ಮೊದಲ ಷರತ್ತನ್ನು ಕಂಬಳ ಎಂದೋ ದಾಟಿದೆ.

ಕನೆಹಲಗೆಯಂತೂ ನಿಯಮದ ದೃಷ್ಟಿಯಿಂದ ಅತ್ಯಂತ ಶುದ್ಧ. ಅಲ್ಲಿ ಎದುರಾಳಿಯೇ ಇಲ್ಲ. ಹಲಗೆಯ ಮೇಲೆ ಕಾಲಿಟ್ಟು ನಿಂತವನನ್ನು ಕೋಣಗಳು ಎಳೆದೊಯ್ಯುವಾಗ ಹಲಗೆಯ ರಂಧ್ರಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ತಾಗಬೇಕು. ನಿಶಾನೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿರುತ್ತದೆ. ಬಟ್ಟೆ ಒದ್ದೆಯಾಯಿತೋ ಇಲ್ಲವೋ ಅಷ್ಟೇ. ಇಲ್ಲಿ ಮಾಡಬೇಕಾದ ಕೆಲಸ ಸಣ್ಣದು: ನಿಶಾನೆಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆಯುವುದು, ಹಲಗೆಯ ತೂಕಕ್ಕೂ ರಂಧ್ರದ ಅಳತೆಗೂ ಎಲ್ಲ ಕರೆಗಳಿಗೆ ಅನ್ವಯಿಸುವ ಮಿತಿ ಹಾಕುವುದು. ಪುರುಷರ ಗುಂಡೆಸೆತದ ಗುಂಡು ಎಲ್ಲ ದೇಶದಲ್ಲೂ 7.26 ಕಿಲೋ ಇರುವ ಕಾರಣವೂ ಇದೇ. ಜಾವೆಲಿನ್ 1984ರಲ್ಲಿ ಉವೆ ಹಾನ್ ಕೈಯಲ್ಲಿ 104.80 ಮೀಟರ್ ಹೋದ ಮೇಲೆ, 1986ರಲ್ಲಿ ಅದರ ಗುರುತ್ವಕೇಂದ್ರವನ್ನೇ ಮುಂದಕ್ಕೆ ಸರಿಸಿ ದಾಖಲೆಗಳನ್ನು ಮೊದಲಿನಿಂದ ಬರೆಯಬೇಕಾಯಿತು. ಸಲಕರಣೆ ಬದಲಾದರೆ ಹಳೆಯ ಅಂಕಿಗೆ ಬೆಲೆಯಿಲ್ಲ.

ತೊಡಕು ಶುರುವಾಗುವುದು ಗಂತಿನಲ್ಲಿ, ಅಂದರೆ ಓಟ ಹೊರಡುವ ಜಾಗದಲ್ಲಿ. ಎರಡು ಜೋಡಿ ಕೋಣಗಳನ್ನು ಒಂದೇ ಹೊತ್ತಿಗೆ, ಒಂದೇ ಗೆರೆಯಲ್ಲಿ ನಿಲ್ಲಿಸಿ ಬಿಡುವುದು ಸುಲಭದ ಕೆಲಸವಲ್ಲ. ಒಂದು ಜೋಡಿ ತಯಾರಾದಾಗ ಇನ್ನೊಂದು ತಿರುಗಿ ನಿಂತಿರುತ್ತದೆ. ಎದುರಿನ ಕೋಣ ಕಾದು ಸುಸ್ತಾಗಲಿ ಎಂದು ಬೇಕಂತಲೇ ತಡಮಾಡುವುದೂ ಉಂಟು. ಲೆಕ್ಕ ಹಾಕಿ ನೋಡಿ. ದೊಡ್ಡ ಕಂಬಳಕ್ಕೆ ಇನ್ನೂರರ ಆಸುಪಾಸು ಜೋಡಿ ಬಂದರೆ ಸರಿಸುಮಾರು 190 ಓಟ ಆಗಬೇಕು. ಓಟವೊಂದಕ್ಕೆ 13–14 ಸೆಕೆಂಡು, ಎಲ್ಲ ಸೇರಿಸಿದರೂ ಮುಕ್ಕಾಲು ಗಂಟೆ. ಆದರೆ ಗಂತಿನಲ್ಲಿ ಪ್ರತಿ ಓಟಕ್ಕೆ 5 ನಿಮಿಷ ಹೋದರೆ ಹದಿನಾರು ಗಂಟೆ, 10 ನಿಮಿಷ ಹೋದರೆ ಮೂವತ್ತೆರಡು ಗಂಟೆ. ಬೆಳಿಗ್ಗೆ ಶುರುವಾದ ಕಂಬಳ ಮಾರನೆಯ ದಿನ ಮಧ್ಯಾಹ್ನ ದಾಟಲು ಕಾರಣ ಇದೇ ಹೊರತು ಕೋಣಗಳ ಸಂಖ್ಯೆಯಲ್ಲ. 24 ಗಂಟೆಯೊಳಗೆ ಮುಗಿಸಬೇಕೆಂಬ ಕಂಬಳ ಸಮಿತಿಯ ಮಾತು ಉಳಿಯಬೇಕಾದರೆ ಕರೆದ ಮೇಲೆ ಇಷ್ಟು ನಿಮಿಷ, ತಪ್ಪಿದರೆ ಎದುರಾಳಿಗೆ ಗೆಲುವು ಎಂಬ ನಿಯಮವನ್ನು ಕೋಣದ ಯಜಮಾನ ಯಾರೆಂದು ನೋಡದೆ ಜಾರಿ ಮಾಡಬೇಕು. ಬರೆಯುವುದು ಸುಲಭ. ರಾತ್ರಿ ಎರಡು ಗಂಟೆಗೆ, ಕಂಬಳಕ್ಕೆ ದೇಣಿಗೆ ಕೊಟ್ಟವರ ಕೋಣವನ್ನೇ ಹೊರಗಿಡಲು ತೀರ್ಪುಗಾರನಿಗೆ ಬೆನ್ನೆಲುಬು ಬೇಕು, ಅದಕ್ಕೇ ಆತ ಆಯೋಜಕರ ಸಂಬಳದವನಾಗಿರಬಾರದು.

ಎರಡನೆಯ ತೊಡಕು ಕರೆಗಳದ್ದು. ಐಕಳದಲ್ಲಿ 142.5 ಮೀಟರ್, 2023ರ ನವೆಂಬರ್‌ನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಹೊಸದಾಗಿ ಮಾಡಿದ ಕರೆ 155 ಮೀಟರ್. ಉದ್ದ ಊರಿಂದೂರಿಗೆ ಬದಲಾಗಲಿ ಬಿಡಿ, ಅದೇನೂ ಅನ್ಯಾಯವಲ್ಲ. ಅನ್ಯಾಯ ಆಗುವುದು ಅಕ್ಕಪಕ್ಕದ ಎರಡು ಕರೆಗಳಲ್ಲಿ ವ್ಯತ್ಯಾಸವಿದ್ದಾಗ. ನೂರಾರು ಗೊರಸು ತುಳಿದ ಮೇಲೆ ಮರಳು ಬದಿಗೆ ಸರಿಯುತ್ತದೆ, ನಡುವೆ ಹೊಂಡ ಬೀಳುತ್ತದೆ, ಒಂದು ಕಡೆ ನೀರು ಇಂಗುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಯಾವ ಕರೆ ಸಿಕ್ಕಿತು ಎಂಬುದೇ ಅರ್ಧ ಫಲಿತಾಂಶ ಆಗಬಾರದು. ಪ್ರತಿ ಸುತ್ತಿನ ಮೊದಲು ಎರಡೂ ಕರೆಯ ಐದೈದು ಕಡೆ ಕೋಲಿಟ್ಟು ನೀರಿನ ಆಳ ಅಳೆದು ಬರೆಯುವುದು ಹತ್ತು ನಿಮಿಷದ ಕೆಲಸ. ಸೆಮಿಫೈನಲ್‌ನಿಂದ ಮುಂದಕ್ಕೆ ಕರೆ ಅದಲುಬದಲು ಮಾಡಿ ಎರಡು ಸಲ ಓಡಿಸಿ ಸಮಯ ಕೂಡಿಸಿದರೆ ತಕರಾರು ಬಹುಪಾಲು ತೀರುತ್ತದೆ. ಆದರೆ ಕೋಣಗಳಿಗೆ ನಡುವೆ ಸಾಕಷ್ಟು ವಿಶ್ರಾಂತಿ ಕೊಡಬೇಕು, ಅಂದರೆ ಗಂತಿನ ತಡ ಮೊದಲು ನಿಲ್ಲಬೇಕು. ಒಂದಕ್ಕೊಂದು ಕೊಂಡಿಯಿದೆ.

ವೇಗದ ಹುಚ್ಚು ಬಿಡದವರಿಗೂ ಒಂದು ದಾರಿಯುಂಟು. ಕರೆಯೊಳಗೆ ಸರಿಯಾಗಿ 100 ಮೀಟರಿನಲ್ಲಿ ಇನ್ನೊಂದು ಸೆನ್ಸರ್ ಇಟ್ಟರೆ ಭಾಗಾಕಾರದ ಅಗತ್ಯವೇ ಬೀಳದು. ಅದನ್ನೂ ‘ಐಕಳ ಕರೆಯ ದಾಖಲೆ’ ಎಂದು ಬರೆಯಬೇಕು, ಬೋಲ್ಟ್ ಹೆಸರಿನ ಪಕ್ಕದಲ್ಲಿ ಬೇಡ.

ಪ್ರಾಣಿಗಳ ವಿಷಯ ಬೇರೆ ತೂಕದ್ದು. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಜಲ್ಲಿಕಟ್ಟಿನ ಜೊತೆ ಕಂಬಳಕ್ಕೂ ಕುತ್ತು ಬಂತು, ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಕೋರ್ಟು ಉಳಿಸಿಕೊಟ್ಟದ್ದು ಸಂಪ್ರದಾಯ ಎಂಬ ನೆಲೆಯಲ್ಲಿ. ಕ್ರೀಡೆ ಎಂದು ಕರೆಸಿಕೊಳ್ಳುವಾಗ ಹೊಣೆ ಹೆಚ್ಚುತ್ತದೆ. ಕುದುರೆ ರೇಸಿನಲ್ಲಿ ಗೆದ್ದ ಕುದುರೆಯ ಮೂತ್ರ ಪರೀಕ್ಷೆ, ಚಾವಟಿ ಬಳಕೆಗೆ ಮಿತಿ, ಪ್ರಾಣಿಯ ಗುರುತಿಗೆ ಚಿಪ್, ಓಟದ ಮೊದಲೂ ನಂತರವೂ ಜಾಕಿಯ ತೂಕ ಇವೆಲ್ಲ ದಿನಚರಿ. ಕೋಣದ ಹಲ್ಲು ನೋಡಿ ಹಿರಿಯ–ಕಿರಿಯ ಎಂದು ವಿಂಗಡಿಸುವ ರೂಢಿ ಚೆನ್ನಾಗಿದೆ, ಆದರೆ ಆ ಕೋಣವೇ ಈ ಕೋಣ ಎನ್ನಲು ಕಿವಿಯ ಗುರುತಾದರೂ ಬೇಕು. ಕೋಣಕ್ಕೆ ಬೆತ್ತದಿಂದ ಹೊಡೆಯುವ ವಿಷಯದಲ್ಲಿ ‘ಸ್ವಲ್ಪ ಮಟ್ಟಿಗೆ’ ಎಂಬ ಮಾತು ನಡೆಯದು. ಎಷ್ಟು ಎಂದು ಅಂಕಿಯಲ್ಲಿ ಹೇಳಬೇಕು, ಇಲ್ಲವೇ ಪೂರ್ತಿ ಬಿಡಬೇಕು.

ಇದೆಲ್ಲವೂ ಜೋಡುಕರೆ ಕಂಬಳಕ್ಕೆ ಮಾತ್ರ. ಪೂಕರೆ ಎಂಬ ಸಿಂಗರಿಸಿದ ಕಂಬ ನೆಡುವ ಗದ್ದೆಗಳಲ್ಲಿ, ದೈವ–ದೇವರ ಹೆಸರಿನ ಸಾಂಪ್ರದಾಯಿಕ ಕಂಬಳಗಳಲ್ಲಿ ಸ್ಪರ್ಧೆ ಮುಖ್ಯವಲ್ಲ, ಅಲ್ಲಿ ಲೇಸರ್ ತಂದು ನಿಲ್ಲಿಸುವುದು ಅಧಿಕಪ್ರಸಂಗ.

ಗೆದ್ದವರು ಯಾರು?

ಕಂಬಳದ ಮರುದಿನದ ಪತ್ರಿಕೆಯ ಫಲಿತಾಂಶ ಪಟ್ಟಿ ಗಮನಿಸಿ. ಮೊದಲು ವಿಭಾಗ, ನಂತರ ಯಜಮಾನರ ಊರು ಮತ್ತು ಹೆಸರು, ಅವರದು ಎರಡು ಜೋಡಿಯಿದ್ದರೆ ‘ಎ’, ‘ಬಿ’ ಎಂಬ ಗುರುತು, ಕೊನೆಯ ಸಾಲಿನಲ್ಲಿ ‘ಓಡಿಸಿದವರು’, ಕನೆಹಲಗೆಯಾದರೆ ‘ಹಲಗೆ ಮುಟ್ಟಿದವರು’. ಪ್ರಥಮ ಬಹುಮಾನವೆಂದು ಕೊಡುವ ಎರಡು ಪವನು ಚಿನ್ನ ಯಜಮಾನರಿಗೆ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಆಳು ಇಟ್ಟು ಕೋಣ ಸಾಕುವ ಖರ್ಚು ಅವರದೇ, ಹಾಗಾಗಿ ಇದರಲ್ಲಿ ಅನ್ಯಾಯ ಹುಡುಕುವುದು ಬೇಡ. ಆದರೆ ‘ಬೋಲ್ಟನ್ನು ಮೀರಿದ’ ಎಂದು ಹೊಗಳುವಾಗ ಓಟಗಾರ ಬೇಕು, ಬಹುಮಾನ ಬರೆಯುವಾಗ ಯಜಮಾನ ಬೇಕು ಎಂಬುದು ಹೊಂದುವುದಿಲ್ಲ. ಕುದುರೆ ರೇಸಿನಲ್ಲಿ ಮಾಲೀಕನಿಗೆ ದೊಡ್ಡ ಪಾಲು ಹೋದರೂ ಜಾಕಿಗೂ ತರಬೇತುದಾರನಿಗೂ ಇಷ್ಟು ಶೇಕಡಾ ಎಂದು ನಿಗದಿಯಿದೆ, ಜಾಕಿಗೆ ಪರವಾನಗಿಯಿದೆ, ಅವನ ಹೆಸರಲ್ಲಿ ಗೆಲುವಿನ ಲೆಕ್ಕವಿದೆ.

ಮಾನ್ಯತೆ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯೂ ಬೇಡ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಇಬ್ಬರೂ ಒಪ್ಪಲಿಲ್ಲ; ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಕೊಡುತ್ತಿರುವುದನ್ನು ಬೊಟ್ಟುಮಾಡಿದರು. ಖೋ ಖೋಗೆ ಅಳೆದ ಅಂಗಳವಿದೆ, ಒಕ್ಕೂಟವಿದೆ, ವಿಶ್ವಕಪ್ ಇದೆ, ಆದರೂ ಆಟಗಾರನ ಬೆಲೆ ಕಟ್ಟುವಾಗ ಚೌಕಾಸಿ ತಪ್ಪಲಿಲ್ಲ. ಕಂಬಳದ ಓಟಗಾರನಿಗೆ ಅಲ್ಲಿಯವರೆಗೆ ಹೋಗಲು ಮೊದಲು ಕಾಗದದ ಮೇಲೆ ಹೆಸರು ಬೇಕು.

ಹಾಗಾಗಿ ಆರಂಭಿಸಬೇಕಾದ ಜಾಗ ಇದು: ಪ್ರತಿ ಓಟಗಾರನಿಗೂ ಸಮಿತಿಯ ನೋಂದಣಿ ಸಂಖ್ಯೆ, ಅದರ ಅಡಿಯಲ್ಲಿ ಓಡಿದ ಕರೆ, ವಿಭಾಗ, ಸಮಯ, ನೀರಿನ ಆಳ, ಋತುವಿನ ಮೊದಲು ಯಜಮಾನನೊಂದಿಗೆ ಬರೆದ ಒಪ್ಪಂದ, ಅದರಲ್ಲಿ ಓಟವೊಂದಕ್ಕೆ ಇಷ್ಟು, ಪದಕ ಬಂದರೆ ಇಷ್ಟು ಪಾಲು ಎಂಬ ಅಂಕಿ, ನೊಗ ತಪ್ಪಿ ಬಿದ್ದು ಮೊಣಕಾಲು ಮುರಿದವನಿಗೆ ಆ ಋತುವಿನ ಉಳಿದ ದಿನಗಳ ಸಂಪಾದನೆಯನ್ನೂ ಭರಿಸುವ ವಿಮೆ, ಮಂಜೊಟ್ಟಿಯ ಹತ್ತಿರ ಮೂಳೆ ನೋಡಬಲ್ಲ ವೈದ್ಯರೊಬ್ಬರು, ಪಶುವೈದ್ಯರ ಜೊತೆಗೆ.